ಜಪಾನಿಗೆ ಕೆಲಸಕ್ಕೆ ಹೊರಡುವ ಮುನ್ನ: ಕೆಲಸ ಬಿಡುವ ಹಕ್ಕಿನ ಲೆಕ್ಕ

ಜಪಾನಿನಲ್ಲಿ ಈಗ ನೂರಕ್ಕೆ 29ರಷ್ಟು ಜನ 65 ವರ್ಷ ದಾಟಿದವರು. ವೃದ್ಧಾಶ್ರಮದಲ್ಲಿ ಅಜ್ಜ ಅಜ್ಜಿಯರನ್ನು ನೋಡಿಕೊಳ್ಳಲು, ಲಾರಿ ಓಡಿಸಲು, ಕಟ್ಟಡ ಕಟ್ಟಲು, ಸ್ಟ್ರಾಬೆರಿ ಕೀಳಲು ಅಲ್ಲಿ ಆಳು ಸಿಗುತ್ತಿಲ್ಲ. ಈ ಕೊರತೆ ತುಂಬಿಕೊಳ್ಳಲೆಂದೇ 2019ರ ಏಪ್ರಿಲ್‌ನಲ್ಲಿ ಜಪಾನ್ ಸರ್ಕಾರ ‘ತೊಕುತೇ ಗಿನೋ’ ಎಂಬ ಹೊಸ ವೀಸಾ ತಂದಿತು. ನಿರ್ದಿಷ್ಟ ಕೌಶಲ್ಯದ ಕೆಲಸಗಾರರ ವೀಸಾ ಎಂದು ಇಟ್ಟುಕೊಳ್ಳೋಣ. ಇದು ಸಾಫ್ಟ್‌ವೇರ್ ಎಂಜಿನಿಯರುಗಳಿಗಲ್ಲ; ಏನೂ ಕಲಿಯದೆ ಹೋಗಿ ಮಣ್ಣು ಹೊರುವವರಿಗೂ ಅಲ್ಲ. ಐಟಿಐ ಮುಗಿಸಿದವರು, ಎಎನ್‌ಎಂ ಅಥವಾ ಜಿಎನ್‌ಎಂ ಓದಿದವರು, ಹೋಟೆಲ್ ಅಡುಗೆಮನೆಯಲ್ಲಿ ಪಳಗಿದವರು, ಪಿಯುಸಿ ಮುಗಿಸಿ ಕೈಕೆಲಸ ಕಲಿತವರು ಇದರ ಗುರಿ. ಪದವಿ ಬೇಕಿಲ್ಲ. 18 ವರ್ಷ ತುಂಬಿರಬೇಕು, ಆಯಾ ಕ್ಷೇತ್ರದ ಕೌಶಲ್ಯ ಪರೀಕ್ಷೆ ಮತ್ತು ಮೂಲಮಟ್ಟದ ಜಪಾನಿ ಭಾಷಾ ಪರೀಕ್ಷೆ ಪಾಸಾಗಿರಬೇಕು, ಅಲ್ಲಿನ ಒಬ್ಬ ಮಾಲೀಕ ಕೆಲಸ ಕೊಡುತ್ತೇನೆಂದು ಕರಾರು ಮಾಡಿಕೊಂಡಿರಬೇಕು. ಭಾರತ ಈ ವ್ಯವಸ್ಥೆಗಾಗಿ 2021ರ ಜನವರಿ 18ರಂದು ಜಪಾನಿನೊಡನೆ ಸಹಿ ಹಾಕಿತು. 2025ರ ಆಗಸ್ಟ್‌ನಲ್ಲಿ ಎರಡೂ ದೇಶಗಳ ಪ್ರಧಾನಿಗಳು ಭೇಟಿಯಾದಾಗ, ಮುಂದಿನ ಐದು ವರ್ಷಗಳಲ್ಲಿ ಭಾರತದಿಂದ 50,000 ನುರಿತ ಕೆಲಸಗಾರರು ಮತ್ತು ಪ್ರತಿಭಾವಂತರು ಜಪಾನಿಗೆ ಹೋಗುವ ಗುರಿಯೂ ಘೋಷಣೆಯಾಯಿತು. ಅಲ್ಲಿಂದಾಚೆಗೆ ನಮ್ಮ ಊರುಗಳ ಗೋಡೆಗಳ ಮೇಲೂ ಮೊಬೈಲ್ ಪರದೆಗಳ ಮೇಲೂ ಜಪಾನ್ ಕೆಲಸದ ಜಾಹೀರಾತುಗಳು ಹೆಚ್ಚಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಈ ಜಾಹೀರಾತುಗಳೆಲ್ಲ ಹೇಳುವುದು ಸಂಬಳದ ಮಾತು. ಹೊರಡುವ ಹುಡುಗ ಹುಡುಗಿಯರ ಮನೆಯವರು ಕೇಳುವುದೂ ಅದನ್ನೇ. ಆದರೆ ಈ ವೀಸಾದ ನಿಯಮಗಳಲ್ಲಿ ಕೆಲಸಗಾರನಿಗೆ ಎಲ್ಲಕ್ಕಿಂತ ಬೆಲೆಬಾಳುವುದು ಬೇರೊಂದಿದೆ: ಒಬ್ಬ ಮಾಲೀಕ ಸರಿಯಿಲ್ಲವೆನಿಸಿದರೆ ಅವನನ್ನು ಬಿಟ್ಟು, ಅದೇ ಕ್ಷೇತ್ರದ ಇನ್ನೊಬ್ಬ ಮಾಲೀಕನ ಬಳಿ ಸೇರಿಕೊಳ್ಳುವ ಅವಕಾಶ. ಕೊರತೆಯಿಂದ ಹುಟ್ಟಿದ ವೀಸಾ ಮಾಲೀಕನ ಅಗತ್ಯಕ್ಕಾಗಿ ಮಾಡಿದ್ದು. ಅದರಲ್ಲಿ ಕೆಲಸಗಾರನ ಪರವಾಗಿರುವ ಎಲ್ಲಕ್ಕಿಂತ ಗಟ್ಟಿ ಅಂಶ ಇದೇ. ಹಾಗಾಗಿ ಯಾವ ಕ್ಷೇತ್ರ ಆರಿಸಬೇಕು, ಎಷ್ಟು ಭಾಷೆ ಕಲಿಯಬೇಕು, ಎಷ್ಟು ಖರ್ಚು ಮಾಡಬಹುದು, ಕರಾರಿನಲ್ಲಿ ಏನು ನೋಡಬೇಕು ಎಂಬ ಪ್ರಶ್ನೆಗಳಿಗೆಲ್ಲ ನಾನು ಒಂದೇ ಅಳತೆಗೋಲು ಹಿಡಿಯುತ್ತೇನೆ. ಈ ತೀರ್ಮಾನದಿಂದ ನಾಳೆ ಕೆಲಸ ಬದಲಿಸುವ ಶಕ್ತಿ ನನ್ನ ಕೈಯಲ್ಲಿ ಉಳಿಯುತ್ತದೆಯೇ, ಇಲ್ಲವೇ?

ಈ ಹಕ್ಕಿಗೆ ಇಷ್ಟು ತೂಕ ಕೊಡುವುದೇಕೆ ಎಂಬುದಕ್ಕೆ ಜಪಾನಿನದೇ ಇತಿಹಾಸವಿದೆ. 1993ರಲ್ಲಿ ಅಲ್ಲಿ ತಾಂತ್ರಿಕ ತರಬೇತಿಯ ಹೆಸರಿನ ಯೋಜನೆಯೊಂದು ಆರಂಭವಾಯಿತು. ಬಡ ದೇಶಗಳಿಗೆ ಕೌಶಲ್ಯ ಕಲಿಸಿಕೊಡುವುದು ಘೋಷಿತ ಉದ್ದೇಶ. ನಡೆದದ್ದು ಕಾರ್ಖಾನೆ, ಹೊಲ, ಮೀನುಗಾರಿಕೆಗಳಿಗೆ ಕಡಿಮೆ ಸಂಬಳದ ಆಳು ಒದಗಿಸುವ ಕೆಲಸ. 2017ರಲ್ಲಿ ಭಾರತವೂ ಆ ಯೋಜನೆಗೆ ಸಹಿ ಹಾಕಿದೆ. ಆ ಯೋಜನೆಯಲ್ಲಿ ತರಬೇತಿಗೆ ಬಂದವನು ತನ್ನ ಇಷ್ಟದಂತೆ ಮಾಲೀಕನನ್ನು ಬದಲಿಸುವಂತಿರಲಿಲ್ಲ. ಸಂಬಳ ಕೊಡದಿದ್ದರೂ ಬೈದರೂ ಅಲ್ಲೇ ಇರಬೇಕು, ಇಲ್ಲವೇ ರಾತ್ರೋರಾತ್ರಿ ಓಡಿಹೋಗಬೇಕು. 2022 ಮತ್ತು 2023ರಲ್ಲಿ ವರ್ಷಕ್ಕೆ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ತರಬೇತಿಗೆ ಬಂದವರು ಹೀಗೆ ಕಣ್ಮರೆಯಾದರು ಎಂದು ಅಲ್ಲಿನ ವಲಸೆ ಇಲಾಖೆಯೇ ಲೆಕ್ಕ ಕೊಟ್ಟಿದೆ. ಕೊನೆಗೆ 2024ರ ಜೂನ್‌ನಲ್ಲಿ ಜಪಾನಿನ ಸಂಸತ್ತು ಆ ಯೋಜನೆಯನ್ನೇ ರದ್ದುಮಾಡಿ, 2027ರಿಂದ ಜಾರಿಗೆ ಬರುವಂತೆ ‘ಇಕುಸೇ ಶೂರೋ’ ಎಂಬ ಹೊಸ ವ್ಯವಸ್ಥೆಗೆ ಕಾನೂನು ಮಾಡಿತು. ಅದರ ಮುಖ್ಯ ಬದಲಾವಣೆಗಳಲ್ಲಿ ಒಂದು, ಒಂದೆರಡು ವರ್ಷದ ನಂತರ ಷರತ್ತುಗಳೊಡನೆ ಮಾಲೀಕನನ್ನು ಬದಲಿಸಬಹುದು ಎಂಬುದು. ಮೂವತ್ತು ವರ್ಷಗಳ ಅನುಭವದ ನಂತರ ಸರ್ಕಾರವೇ ಕಂಡುಕೊಂಡ ಸತ್ಯವನ್ನು ನಮ್ಮ ಹುಡುಗರು ವಿಮಾನ ಹತ್ತುವ ಮೊದಲೇ ಅರಿತಿರಬೇಕು. ಇನ್ನೊಂದು ಎಚ್ಚರ. ಯಾರಾದರೂ ‘ಜಪಾನ್ ವೀಸಾ’ ಎಂದಷ್ಟೇ ಹೇಳಿದರೆ ಸಾಲದು. ತರಬೇತಿ ಯೋಜನೆಯದೋ, ಎರಡು ಹಂತಗಳಿರುವ ತೊಕುತೇ ಗಿನೋದ ಮೊದಲ ಹಂತದ್ದೋ ಎಂದು ಹೆಸರು ಹಿಡಿದು ಕೇಳಿ, ಬರಹದಲ್ಲಿ ಪಡೆಯಿರಿ. ಎರಡರ ನಡುವಿನ ವ್ಯತ್ಯಾಸ ದೊಡ್ಡದು.

ಕಾಗದದ ಮೇಲಿನ ಈ ಹಕ್ಕು ನಡೆಯುವ ಬಗೆ ನೋಡಿ. ತೊಕುತೇ ಗಿನೋದಲ್ಲಿ ಹೋದವರ ಪಾಸ್‌ಪೋರ್ಟಿಗೆ ಅಲ್ಲಿನ ವಲಸೆ ಇಲಾಖೆ ಒಂದು ಪುಟ್ಟ ಹಾಳೆ ಸೇರಿಸಿ ಕೊಡುತ್ತದೆ. ಅದರ ಹೆಸರು ‘ಶಿತೇಶೊ’. ನೀವು ಯಾವ ಸಂಸ್ಥೆಯಲ್ಲಿ, ಯಾವ ಕ್ಷೇತ್ರದಲ್ಲಿ ಕೆಲಸ ಮಾಡಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಕೆಲಸ ಬದಲಿಸುವುದೆಂದರೆ ಈ ಹಾಳೆಯನ್ನು ಬದಲಿಸುವುದು. ಹೊಸ ಮಾಲೀಕ ಸಿಗಬೇಕು, ಅವನು ಕರಾರು ಮತ್ತು ಕೆಲಸಗಾರನಿಗೆ ಕೊಡುವ ನೆರವಿನ ಯೋಜನೆಯ ಕಾಗದಗಳನ್ನು ಸಿದ್ಧಮಾಡಬೇಕು, ವಲಸೆ ಕಚೇರಿಗೆ ಮತ್ತೆ ಅರ್ಜಿ ಹಾಕಬೇಕು, ಒಪ್ಪಿಗೆ ಬರುವ ತನಕ ಹೊಸ ಜಾಗದಲ್ಲಿ ಕೆಲಸ ಮಾಡುವಂತಿಲ್ಲ. ಇದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯಬಹುದು. ಹಳೆಯ ಕರಾರು ಮುಗಿದ 14 ದಿನಗಳೊಳಗೆ ಇಲಾಖೆಗೆ ತಿಳಿಸಬೇಕು. ಸಕಾರಣವಿಲ್ಲದೆ ಮೂರು ತಿಂಗಳಿಗೂ ಹೆಚ್ಚು ಕಾಲ ಆ ಕೆಲಸದಿಂದ ದೂರವಿದ್ದರೆ ವಾಸದ ಪರವಾನಗಿಯನ್ನೇ ಹಿಂದಕ್ಕೆ ಪಡೆಯಬಹುದು. ಬೇರೆ ಕ್ಷೇತ್ರಕ್ಕೆ ಹೋಗಬೇಕೆಂದರೆ ಆ ಕ್ಷೇತ್ರದ ಪರೀಕ್ಷೆಯನ್ನೂ ಹೊಸದಾಗಿ ಪಾಸು ಮಾಡಬೇಕು. ಹಾಗಾಗಿ ಈ ಹಕ್ಕು ಯಾರ ಕೈಗೆ ನಿಜವಾಗಿ ಎಟುಕುತ್ತದೆ ಎಂದರೆ, ಎರಡು ಮೂರು ತಿಂಗಳು ಸಂಬಳವಿಲ್ಲದೆ ಬದುಕುವಷ್ಟು ಹಣ ಇರುವವರಿಗೆ, ಹೊಸ ಕೆಲಸ ಹುಡುಕಿ ಸಂದರ್ಶನದಲ್ಲಿ ಮಾತಾಡುವಷ್ಟು ಭಾಷೆ ಬಂದವರಿಗೆ, ಮತ್ತು ತಮ್ಮ ಕ್ಷೇತ್ರದಲ್ಲಿ ಮಾಲೀಕರು ಸಾಲುಸಾಲಾಗಿ ಇರುವವರಿಗೆ.

ಮೊದಲು ಹಣದ ಮಾತು. ಜಪಾನಿನ ವಲಸೆ ಇಲಾಖೆ ತಾಂತ್ರಿಕ ತರಬೇತಿಗೆ ಬಂದವರ ಬಗ್ಗೆ ಒಂದು ಸಮೀಕ್ಷೆ ನಡೆಸಿ 2022ರಲ್ಲಿ ಪ್ರಕಟಿಸಿತು. ಬರುವ ಮುನ್ನ ತಮ್ಮ ದೇಶದ ಏಜೆಂಟರಿಗೆ ಅವರು ಕೊಟ್ಟ ಹಣ ಸರಾಸರಿ 5,42,311 ಯೆನ್, ನಮ್ಮ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿ ಆಸುಪಾಸು. ನೂರರಲ್ಲಿ 55 ಮಂದಿ ಸಾಲ ಮಾಡಿಯೇ ಬಂದಿದ್ದರು. ಇದಕ್ಕಿಂತ ಕಣ್ತೆರೆಸುವುದು ದೇಶದೇಶಗಳ ನಡುವಿನ ಅಂತರ: ವಿಯೆಟ್ನಾಮಿನವರು ಸರಾಸರಿ 6,88,143 ಯೆನ್ ತೆತ್ತಿದ್ದರೆ ಫಿಲಿಪೀನ್ಸಿನವರು ತೆತ್ತದ್ದು 94,821 ಯೆನ್ ಮಾತ್ರ. ಹೋದ ದೇಶ ಒಂದೇ, ಮಾಡಿದ ಕೆಲಸವೂ ಅದೇ ತರಹದ್ದು, ಖರ್ಚಿನಲ್ಲಿ ಮಾತ್ರ ಏಳು ಪಟ್ಟು ವ್ಯತ್ಯಾಸ. ಕೆಲಸಗಾರರಿಂದ ಏಜೆಂಟರು ಎಷ್ಟು ವಸೂಲು ಮಾಡಬಹುದು ಎಂಬುದನ್ನು ಫಿಲಿಪೀನ್ಸ್ ಸರ್ಕಾರ ಬಿಗಿಯಾಗಿ ಕಟ್ಟಿಹಾಕಿದ್ದರ ಫಲ ಇದು. ಅಂದರೆ ದೊಡ್ಡ ಮೊತ್ತವೆಂಬುದು ಜಪಾನಿಗೆ ಹೋಗುವ ಅನಿವಾರ್ಯ ಖರ್ಚಲ್ಲ, ನಡುವಿನವರ ಜೇಬಿಗೆ ಹೋಗುವ ಹಣ.

ನಮ್ಮಲ್ಲೂ ಕಾನೂನು ಇದೆ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಕೆಲಸಕ್ಕೆ ಜನರನ್ನು ನೇಮಿಸುವ ಏಜೆಂಟ್ ಕೇಂದ್ರ ವಿದೇಶಾಂಗ ಸಚಿವಾಲಯದಿಂದ ಪರವಾನಗಿ ಪಡೆದಿರಬೇಕು. ಕೆಲಸಕ್ಕೆ ಹೋಗುವವರಿಂದ ಅವನು ಸೇವಾಶುಲ್ಕವೆಂದು ತೆಗೆದುಕೊಳ್ಳಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಇದಕ್ಕೆ ರಸೀತಿ ಕೊಡಬೇಕು. ಪರವಾನಗಿ ಸಂಖ್ಯೆಯನ್ನು ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಹಾಕಿ ನೋಡಿದರೆ ಅದು ಜೀವಂತವಾಗಿದೆಯೇ ಎಂದು ತಿಳಿಯುತ್ತದೆ. ರಾಜ್ಯ ಸರ್ಕಾರದ ಕೌಶಲ್ಯಾಭಿವೃದ್ಧಿ ನಿಗಮದಲ್ಲೂ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದಿದೆ; ಖಾಸಗಿಯವರ ಬಾಗಿಲು ತಟ್ಟುವ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು. ಇನ್ನು ಜಪಾನಿನ ಕಡೆಯ ನಿಯಮ ಇನ್ನೂ ಖಡಕ್ಕು. ಠೇವಣಿ ಇಡಿಸಿಕೊಂಡ, ‘ನಡುವೆ ಬಿಟ್ಟುಬಂದರೆ ಇಷ್ಟು ದಂಡ’ ಎಂದು ಬರೆಸಿಕೊಂಡ ನೇಮಕವನ್ನು ತೊಕುತೇ ಗಿನೋ ಒಪ್ಪುವುದಿಲ್ಲ. ಅಲ್ಲಿನ ಕಾರ್ಮಿಕ ಮಾನದಂಡ ಕಾಯ್ದೆಯ 16ನೆಯ ಕಲಮು ಕೂಡ ಕೆಲಸ ಬಿಟ್ಟದ್ದಕ್ಕೆ ದಂಡ ವಿಧಿಸುವ ಕರಾರನ್ನು ನಿಷೇಧಿಸುತ್ತದೆ. ವಿಮಾನ ನಿಲ್ದಾಣದಿಂದ ಕರೆದೊಯ್ಯುವುದು, ಮನೆ ಹುಡುಕಲು ನೆರವಾಗುವುದು, ಬ್ಯಾಂಕ್ ಖಾತೆ ತೆರೆಸುವುದು, ಮೂರು ತಿಂಗಳಿಗೊಮ್ಮೆ ಕೂರಿಸಿಕೊಂಡು ಕಷ್ಟಸುಖ ಕೇಳುವುದು ಇವೆಲ್ಲ ಮಾಲೀಕನ ಕಡ್ಡಾಯ ಹೊಣೆ. ಅದರ ಖರ್ಚನ್ನು ಕೆಲಸಗಾರನ ಸಂಬಳದಿಂದ ಮುರಿಯುವಂತಿಲ್ಲ. ಮಾಲೀಕನ ತಪ್ಪಿನಿಂದ ಕೆಲಸ ಹೋದರೆ ಮುಂದಿನ ಕೆಲಸ ಹುಡುಕಲು ಸಹಾಯ ಮಾಡುವುದೂ ಆ ಪಟ್ಟಿಯಲ್ಲಿದೆ. ಆದ್ದರಿಂದ ಊರಿನಲ್ಲಿ ಯಾರಾದರೂ ‘ಬಾಂಡ್’ ಎಂದು ಸಹಿ ಕೇಳಿದರೆ, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇನೆಂದರೆ, ಅಲ್ಲಿಗೇ ಎದ್ದು ಬರಬೇಕು.

ಸಾಲ ಮಾಡದೆ ಯಾರು ತಾನೇ ವಿದೇಶಕ್ಕೆ ಹೋಗುತ್ತಾರೆ, ಎಂಜಿನಿಯರಿಂಗ್ ಓದಿಸಲೂ ಸಾಲ ಮಾಡುತ್ತೇವಲ್ಲ, ಐದು ವರ್ಷ ದುಡಿದರೆ ತೀರುತ್ತದೆ ಎಂಬ ವಾದವಿದೆ. ಎಲ್ಲವೂ ನೆಟ್ಟಗಿದ್ದರೆ ತೀರುತ್ತದೆ, ನಿಜ. ಆದರೆ ಸಾಲದ ನಿಜವಾದ ಬೆಲೆ ಕಾಣುವುದು ಎಡವಟ್ಟಾದಾಗ. ಒಡವೆ ಅಡವಿಟ್ಟು, ನೂರಕ್ಕೆ ಎರಡರ ಬಡ್ಡಿಯಲ್ಲಿ ಮೂರು ಲಕ್ಷ ಎತ್ತಿದವನಿಗೆ ತಿಂಗಳಿಗೆ ಆರು ಸಾವಿರ ಬರೀ ಬಡ್ಡಿ. ಮಾಲೀಕ ಓವರ್‌ಟೈಮಿಗೆ ಕಾಸು ಕೊಡುತ್ತಿಲ್ಲ ಎಂದು ಗೊತ್ತಾದರೂ, ಮೂರು ತಿಂಗಳು ಸಂಬಳವಿಲ್ಲದೆ ಕಾಯುವ ಧೈರ್ಯ ಅವನಿಗೆ ಬರುವುದಿಲ್ಲ. ಮನೆಯಲ್ಲಿ ಬಡ್ಡಿ ಓಡುತ್ತಿರುತ್ತದೆ. ಕಾನೂನು ಕೊಟ್ಟ ಹಕ್ಕನ್ನು ಊರಿನ ಸಾಲ ಕಿತ್ತುಕೊಳ್ಳುವುದು ಹೀಗೆ. ನನ್ನ ಸಲಹೆ ಕಟುವಾಗಿ ಕೇಳಿಸಬಹುದು: ಭಾಷಾ ತರಗತಿಯ ಶುಲ್ಕ, ಪರೀಕ್ಷಾ ಶುಲ್ಕ, ಪಾಸ್‌ಪೋರ್ಟ್, ಕಾನೂನಿನ ಮಿತಿಯೊಳಗಿನ ಸೇವಾಶುಲ್ಕ, ಟಿಕೆಟ್ ಇಷ್ಟಕ್ಕೆ ಮೀರಿ ಹಣ ಕೇಳುವ ದಾರಿಯಲ್ಲಿ ಹೋಗಬೇಡಿ. ಒಂದು ವರ್ಷ ತಡವಾದರೂ ಚಿಂತೆಯಿಲ್ಲ.

ಎರಡನೆಯದು ಭಾಷೆ. ನಿಯಮ ಕೇಳುವುದು ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಎನ್4 ಮಟ್ಟ, ಇಲ್ಲವೇ ಕಂಪ್ಯೂಟರಿನಲ್ಲಿ ಬರೆಯುವ ಜೆಎಫ್‌ಟಿ-ಬೇಸಿಕ್ ಪರೀಕ್ಷೆಯಲ್ಲಿ 250ಕ್ಕೆ 200 ಅಂಕ. ಜೆಎಲ್‌ಪಿಟಿ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರವಿದೆ. ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲ: ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ಹಿಂದೆಯೇ ಅಂಟಿಕೊಳ್ಳುತ್ತವೆ. ವ್ಯಾಕರಣ ಬೇಗ ಕೈಹತ್ತುತ್ತದೆ, ಕಾಡುವುದು ಕಾಂಜಿ ಲಿಪಿ. ಎನ್4 ಸಿಕ್ಕಿದೊಡನೆ ಪುಸ್ತಕ ಮುಚ್ಚುವವರು ಬಹಳ. ಅಲ್ಲೇ ತಪ್ಪಾಗುವುದು. ಎನ್4 ಬಾಗಿಲು ದಾಟಿಸುತ್ತದೆ, ಅಷ್ಟೇ. ಸಂಬಳದ ಚೀಟಿ ಓದಲು, ‘ಹಲೋ ವರ್ಕ್’ ಎಂಬ ಸರ್ಕಾರಿ ಉದ್ಯೋಗ ಕಚೇರಿಗೆ ಹೋಗಿ ಬೇರೆ ಕೆಲಸ ಕೇಳಲು, ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ದೂರು ಹೇಳಿಕೊಳ್ಳಲು ಅದಕ್ಕೂ ಮೇಲಿನ ಎನ್3ರ ಹತ್ತಿರ ಹೋಗಿರಬೇಕು. ಟ್ಯಾಕ್ಸಿ ಮತ್ತು ಬಸ್ ಚಾಲಕರ ಕೆಲಸವನ್ನು 2024ರಲ್ಲಿ ಈ ವೀಸಾಕ್ಕೆ ಸೇರಿಸಿದಾಗ ಎನ್3 ಕೇಳಿದರು. ರೆಸ್ಟೋರೆಂಟ್ ಕ್ಷೇತ್ರದವರು ಈ ವೀಸಾದ ಎರಡನೇ ಹಂತಕ್ಕೆ ಏರಬೇಕಾದರೂ ಎನ್3 ಬೇಕು. ಇಲ್ಲಿರುವಾಗ ಇನ್ನಾರು ತಿಂಗಳು ಹೆಚ್ಚು ಕಲಿಯುವುದು, ಅಲ್ಲಿ ಪಾಳಿ ಮುಗಿಸಿ ಬಂದು ನಿದ್ದೆಗಣ್ಣಿನಲ್ಲಿ ಕಲಿಯುವುದಕ್ಕಿಂತ ಸುಲಭ.

ಕೊಲ್ಲಿ ದೇಶಗಳಿಗೆ ಹೋದರೆ ಈ ಭಾಷೆಯ ತಲೆನೋವೇ ಇಲ್ಲವಲ್ಲ ಎಂದು ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಕೇಳುವುದುಂಟು. ಅಲ್ಲಿ ನೆಂಟರಿದ್ದಾರೆ, ಗೆಳೆಯರಿದ್ದಾರೆ, ದಾರಿ ಸವೆದಿದೆ. ಎರಡು ಮೂರು ವರ್ಷ ದುಡಿದು ಬರಬೇಕು ಎನ್ನುವವರಿಗೆ ಅದು ಒಳ್ಳೆಯದೇ ಇರಬಹುದು. ಆದರೆ ಕೊಲ್ಲಿಯಲ್ಲಿ ಎಷ್ಟು ವರ್ಷ ದುಡಿದರೂ ಸಾಮಾನ್ಯ ಕೆಲಸಗಾರ ಅಲ್ಲೇ ನೆಲೆಯೂರುವ ದಾರಿ ತೀರ ಕಿರಿದು. ಜಪಾನ್ ಕೇಳುವ ಭಾಷೆ ಅಡ್ಡಗೋಡೆಯಂತೆ ಕಂಡರೂ, ಕಲಿತವನಿಗೆ ಅದೇ ಬಂಡವಾಳ. ವಿಯೆಟ್ನಾಂ, ಇಂಡೋನೇಷ್ಯಾ, ಫಿಲಿಪೀನ್ಸ್, ಮ್ಯಾನ್ಮಾರಿನವರು ಈ ವೀಸಾದಲ್ಲಿ ಮುಂದಿದ್ದಾರೆ. 2025ರ ಮಧ್ಯದ ಹೊತ್ತಿಗೆ ಒಟ್ಟು ಸಂಖ್ಯೆ ಮೂರು ಲಕ್ಷ ದಾಟಿದ್ದರೂ ಅದರಲ್ಲಿ ಭಾರತೀಯರ ಪಾಲು ತೀರಾ ಅಲ್ಪ. ಇದಕ್ಕೆ ಭಾಷಾ ತರಬೇತಿಯ ಕೊರತೆ ಮುಖ್ಯ ಕಾರಣ ಎಂದೇ ನನ್ನ ಎಣಿಕೆ.

ಇನ್ನು ಕ್ಷೇತ್ರದ ಆಯ್ಕೆ. ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇಲ್ಲೇ, ಏಕೆಂದರೆ ಪರೀಕ್ಷೆ ಬರೆದ ದಿನವೇ ನಿಮ್ಮ ಮುಂದಿನ ದಾರಿ ಅರ್ಧ ನಿರ್ಧಾರವಾಗಿರುತ್ತದೆ. 2019ರಲ್ಲಿ 14 ಕ್ಷೇತ್ರಗಳಿದ್ದವು, 2022ರಲ್ಲಿ ಮೂರನ್ನು ಒಂದಾಗಿಸಿ 12 ಆದವು, 2024ರಲ್ಲಿ ವಾಹನ ಸಾರಿಗೆ, ರೈಲ್ವೆ, ಅರಣ್ಯ, ಮರದ ಉತ್ಪನ್ನ ಸೇರಿ 16 ಆದವು. ಮೊದಲ ಹಂತದಲ್ಲಿ ಒಟ್ಟು ಐದು ವರ್ಷ, ಕುಟುಂಬ ಕರೆದೊಯ್ಯುವಂತಿಲ್ಲ. ಎರಡನೇ ಹಂತಕ್ಕೆ ಏರಿದರೆ ವೀಸಾ ನವೀಕರಿಸುತ್ತ ಹೋಗಬಹುದು, ಹೆಂಡತಿ ಅಥವಾ ಗಂಡ ಮತ್ತು ಮಕ್ಕಳನ್ನು ಕರೆಸಿಕೊಳ್ಳಬಹುದು, ಮುಂದೆ ಕಾಯಂ ವಾಸಕ್ಕೂ ಅರ್ಜಿ ಹಾಕಬಹುದು. ಕಾಯಂ ವಾಸಕ್ಕೆ ಸಾಮಾನ್ಯವಾಗಿ ಹತ್ತು ವರ್ಷ ಅಲ್ಲಿರಬೇಕು, ಅದರಲ್ಲಿ ಐದು ವರ್ಷ ಕೆಲಸದ ವೀಸಾದಲ್ಲಿ ಕಳೆದಿರಬೇಕು. ಆದರೆ ಆ ಐದರಲ್ಲಿ ಮೊದಲ ಹಂತದ ವರ್ಷಗಳನ್ನು ಎಣಿಸುವುದಿಲ್ಲ ಎಂಬುದನ್ನು ಏಜೆಂಟರು ಯಾರೂ ಹೇಳುವುದಿಲ್ಲ. 2024ರಲ್ಲಿ ಸೇರಿದ ನಾಲ್ಕು ಕ್ಷೇತ್ರಗಳಿಗೆ ಸೇರುವಾಗ ಎರಡನೇ ಹಂತವೇ ಇರಲಿಲ್ಲ. ಲಾರಿ ಚಾಲಕನಾಗಿ ಹೋಗುವವನು ಇದನ್ನು ಮೊದಲು ವಿಚಾರಿಸಬೇಕು. ಅದರ ಮೇಲೆ ಜಪಾನಿನ ಚಾಲನಾ ಪರವಾನಗಿಯನ್ನೂ ಪಡೆಯಬೇಕು, ಆ ನಿಯಮಗಳನ್ನು 2025ರ ಅಕ್ಟೋಬರಿನಿಂದ ಬಿಗಿಗೊಳಿಸಿದ್ದಾರೆ.

ಭಾಷೆಗೆ ಹೆದರದವರಿಗೆ ನನ್ನ ಕಣ್ಣಲ್ಲಿ ಹೆಚ್ಚು ಗಟ್ಟಿಯಾದ ಕ್ಷೇತ್ರ ಹಿರಿಯರ ಆರೈಕೆ. ಜಪಾನಿಯಲ್ಲಿ ‘ಕೈಗೊ’. ಊರೂರಲ್ಲೂ ಆರೈಕೆ ಕೇಂದ್ರಗಳಿರುವುದರಿಂದ ಒಂದು ಬಿಟ್ಟರೆ ಇನ್ನೊಂದು ಸಿಗುತ್ತದೆ; 2025ರ ಏಪ್ರಿಲ್‌ನಿಂದ ಷರತ್ತಿನ ಮೇಲೆ ಮನೆಮನೆಗೆ ಹೋಗಿ ಆರೈಕೆ ಮಾಡಲೂ ಅನುಮತಿ ಸಿಕ್ಕಿದೆ. ಆದರೆ ನಮ್ಮ ನರ್ಸಿಂಗ್ ಓದಿದ ಹೆಣ್ಣುಮಕ್ಕಳು ಒಂದನ್ನು ಚೆನ್ನಾಗಿ ತಿಳಿದಿರಬೇಕು. ಇದು ನರ್ಸ್ ಕೆಲಸವಲ್ಲ. ಇಂಜೆಕ್ಷನ್ ಕೊಡುವುದಿಲ್ಲ, ಡ್ರಿಪ್ ಹಾಕುವುದಿಲ್ಲ. ಸ್ನಾನ ಮಾಡಿಸುವುದು, ಉಣಿಸುವುದು, ಶೌಚಕ್ಕೆ ಕರೆದೊಯ್ಯುವುದು, ಡೈಪರ್ ಬದಲಿಸುವುದು, ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸುವುದು ಇದೇ ದಿನದ ಕೆಲಸ. ಸಂಜೆ ಐದರ ಹೊತ್ತಿಗೆ ಶುರುವಾಗಿ ಮರುದಿನ ಬೆಳಿಗ್ಗೆ ಒಂಬತ್ತರ ತನಕ ನಡೆಯುವ ರಾತ್ರಿಪಾಳಿ ಹಲವು ಕಡೆ ಇದೆ. ಕೆಲಸ ಸಣ್ಣದೆಂದಲ್ಲ, ಅದಕ್ಕೂ ಅದರದೇ ವಿದ್ಯೆ ಇದೆ. ಪಾರ್ಶ್ವವಾಯು ಹೊಡೆದು ಒಂದು ಕೈ ಬಿದ್ದುಹೋದ ಅಜ್ಜನಿಗೆ ಅಂಗಿ ಬದಲಿಸುವ ಕ್ರಮಕ್ಕೆ ಅಲ್ಲಿ ‘ದಕ್ಕೆನ್ ಚಕ್ಕನ್’ ಎನ್ನುತ್ತಾರೆ. ತೆಗೆಯುವಾಗ ಆರೋಗ್ಯವಾಗಿರುವ ಕೈಯಿಂದ ಮೊದಲು, ತೊಡಿಸುವಾಗ ಬಿದ್ದ ಕೈಗೆ ಮೊದಲು. ಹಾಗೆ ಮಾಡಿದರೆ ಸೆಟೆದ ಕೈಯನ್ನು ಎಳೆದು ನೋಯಿಸುವ ಪ್ರಸಂಗ ಬರುವುದಿಲ್ಲ. 60 ನಿಮಿಷದಲ್ಲಿ 45 ಪ್ರಶ್ನೆಗಳಿರುವ ಕೈಗೊ ಕೌಶಲ್ಯ ಪರೀಕ್ಷೆಗೆ ಕಲಿಯಬೇಕಾದದ್ದು ಇಂಥವೇ. ಅದರೊಡನೆ ಆರೈಕೆಗೆ ಬೇಕಾದ ಜಪಾನಿ ಭಾಷೆಯದೇ 15 ಪ್ರಶ್ನೆಗಳ ಪ್ರತ್ಯೇಕ ಪರೀಕ್ಷೆಯೂ ಉಂಟು. ಪಾಳಿ ಬದಲಾಗುವಾಗ ಯಾರು ಎಷ್ಟು ಉಂಡರು, ಯಾರಿಗೆ ಜ್ವರವಿತ್ತು ಎಂದು ಮುಂದಿನ ಪಾಳಿಯವರಿಗೆ ಜಪಾನಿಯಲ್ಲೇ ಒಪ್ಪಿಸಿ, ದಾಖಲೆಯಲ್ಲೂ ಬರೆಯಬೇಕು.

ಈ ಕ್ಷೇತ್ರಕ್ಕೆ ತೊಕುತೇ ಗಿನೋದ ಎರಡನೇ ಹಂತ ಇಲ್ಲ. ಅದರ ಬದಲು ಇನ್ನೂ ಭದ್ರವಾದ ದಾರಿಯಿದೆ. ಮೂರು ವರ್ಷ ಕೆಲಸ ಮಾಡಿ, ನಿಗದಿತ ತರಬೇತಿ ಮುಗಿಸಿ, ಪ್ರತಿ ಜನವರಿಯಲ್ಲಿ ನಡೆಯುವ ಆರೈಕೆಗಾರರ ರಾಷ್ಟ್ರೀಯ ಪರೀಕ್ಷೆ ಪಾಸು ಮಾಡಿದರೆ ‘ಕೈಗೊ’ ಎಂಬ ಬೇರೆಯೇ ವೀಸಾ ಸಿಗುತ್ತದೆ. ಅದರಲ್ಲಿ ಕುಟುಂಬ ಕರೆಸಿಕೊಳ್ಳಬಹುದು, ನವೀಕರಣಕ್ಕೆ ಮಿತಿಯಿಲ್ಲ. 2026ರ ಪರೀಕ್ಷೆಯಿಂದ ಭಾಗಭಾಗವಾಗಿ ಪಾಸಾಗುವ ಅವಕಾಶವನ್ನೂ ಕೊಟ್ಟಿದ್ದಾರೆ. ಐದು ವರ್ಷದ ಗಡುವಿನೊಳಗೆ ಈ ಪರೀಕ್ಷೆಗೆ ಒಂದೆರಡು ಸಲ ಕೂರಲು ಅವಕಾಶ ಸಿಗುತ್ತದೆ. ಅದಕ್ಕೆ ತಯಾರಿ ಮೊದಲ ವರ್ಷದಿಂದಲೇ ಶುರುವಾಗಬೇಕು.

ಕೃಷಿ, ಕಟ್ಟಡ ನಿರ್ಮಾಣ, ವಾಹನ ದುರಸ್ತಿ ಕ್ಷೇತ್ರಗಳಿಗೆ ಎರಡನೇ ಹಂತ ಉಂಟು. ಕಟ್ಟಡ ಕ್ಷೇತ್ರದಲ್ಲಿ ದಿನಗೂಲಿ ಕೊಡುವಂತಿಲ್ಲ, ತಿಂಗಳ ಸಂಬಳವೇ ಆಗಬೇಕು. ಮಳೆ ಹಿಮ ಎಂದು ಕೆಲಸ ನಿಂತರೂ ಸಂಬಳ ಕಡಿತವಾಗದಿರಲಿ ಎಂಬುದು ಅದರ ಹಿಂದಿನ ಯೋಚನೆ. ಐಟಿಐನಲ್ಲಿ ಮೋಟಾರು ಮೆಕ್ಯಾನಿಕ್ ಓದಿದವರಿಗೆ ವಾಹನ ದುರಸ್ತಿ ಸಹಜವಾಗಿಯೇ ಒಗ್ಗುತ್ತದೆ.

ಕೊರತೆಯ ವೀಸಾ ಕೊರತೆಯೊಡನೆಯೇ ಹಿಗ್ಗಿ ಕುಗ್ಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಪ್ರತಿ ಕ್ಷೇತ್ರಕ್ಕೂ ಐದು ವರ್ಷಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. 2024ರ ಮಾರ್ಚ್‌ನಲ್ಲಿ ಎಲ್ಲ ಕ್ಷೇತ್ರ ಸೇರಿ 8,20,000 ಎಂದು ನಿಗದಿ ಮಾಡಿದ್ದರು. 2022ರ ಏಪ್ರಿಲ್‌ನಲ್ಲಿ ಯಂತ್ರೋಪಕರಣ ತಯಾರಿಕೆಯ ಮಿತಿ ತುಂಬಿದಾಗ ಹೊಸಬರಿಗೆ ವೀಸಾಕ್ಕೆ ಬೇಕಾದ ಅರ್ಹತಾ ಪತ್ರ ಕೊಡುವುದನ್ನೇ ಕೆಲವು ತಿಂಗಳು ನಿಲ್ಲಿಸಿದ್ದರು. ಬ್ರಿಟನ್ನಿನಲ್ಲಿ ಇದಕ್ಕಿಂತ ದೊಡ್ಡದೇ ಆಯಿತು. 2022ರ ಫೆಬ್ರವರಿಯಲ್ಲಿ ಆರೈಕೆ ಕೆಲಸಗಾರರಿಗೆ ಬಾಗಿಲು ತೆರೆದರು, 2024ರ ಮಾರ್ಚ್‌ನಲ್ಲಿ ಅವರು ಕುಟುಂಬ ಕರೆತರುವುದನ್ನು ತಡೆದರು, 2025ರ ಜುಲೈ 22ರಿಂದ ಹೊರದೇಶದಿಂದ ಹೊಸ ನೇಮಕವನ್ನೇ ಮುಚ್ಚಿದರು. ಮೂರೂವರೆ ವರ್ಷದಲ್ಲಿ ಇಷ್ಟೆಲ್ಲ ನಡೆಯಿತು. ಜಪಾನಿನಲ್ಲೂ 2025ರ ಜುಲೈನ ಮೇಲ್ಮನೆ ಚುನಾವಣೆಯಲ್ಲಿ ವಿದೇಶಿಯರ ವಿಷಯ ಪ್ರಚಾರದ ಕಾವೇರಿಸಿತ್ತು. ಹಾಗೆಂದು ಹೋಗುವುದೇ ಬೇಡ ಎನ್ನಲಾರೆ. ವಯಸ್ಸಾಗುವವರ ಸಂಖ್ಯೆಯನ್ನು ಯಾವ ಚುನಾವಣೆಯೂ ಇಳಿಸಲಾರದು. ಆದರೆ ಎರಡನೇ ಹಂತದ ಇಲ್ಲವೇ ಕೈಗೊ ವೀಸಾದ ದಾರಿ ಗಟ್ಟಿಯಾಗಿರುವ ಕ್ಷೇತ್ರವನ್ನೇ ಆರಿಸಿ, ಆ ಹಂತಕ್ಕೆ ಬೇಗ ಏರಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಸಂಬಳಕ್ಕೆ ಬರೋಣ. ಅದೇ ಕೆಲಸ ಮಾಡುವ ಜಪಾನಿಯರಿಗೆ ಕೊಡುವಷ್ಟಾದರೂ ಕೊಡಬೇಕು ಎಂಬುದು ನಿಯಮ. ಕನಿಷ್ಠ ಕೂಲಿ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ: 2025ರಲ್ಲಿ ಟೋಕಿಯೊದಲ್ಲಿ ಗಂಟೆಗೆ 1,226 ಯೆನ್, ಒಕಿನಾವಾ, ಕೋಚಿ, ಮಿಯಾಝಾಕಿಗಳಲ್ಲಿ 1,023. ತಿಂಗಳಿಗೆ 160 ಗಂಟೆ ಎಂದರೆ 32,000 ಯೆನ್‌ಗೂ ಮೀರಿದ ವ್ಯತ್ಯಾಸ, ಆದರೆ ಟೋಕಿಯೊ ಬಾಡಿಗೆ ಅದನ್ನು ನುಂಗಿಬಿಡಬಹುದು. ಕರಾರಿನ ಜೊತೆ ಕೊಡುವ ಸಂಬಳದ ವಿವರಪಟ್ಟಿಯಲ್ಲಿ ಕಡಿತಗಳನ್ನು ಬಿಡಿಬಿಡಿಯಾಗಿ ಬರೆದು ಕೊನೆಗೆ ಕೈಗೆ ಬರುವ ಮೊತ್ತ ತೋರಿಸಬೇಕು. ನೋಡಬೇಕಾದದ್ದು ಆ ಕೊನೆಯ ಸಾಲು. ಉದಾಹರಣೆಗೆ ಒಟ್ಟು ಸಂಬಳ 2,00,000 ಯೆನ್ ಎಂದುಕೊಳ್ಳಿ. ಪಿಂಚಣಿಗೆ 18,300, ಆರೋಗ್ಯ ವಿಮೆಗೆ ಸುಮಾರು 10,000, ಉದ್ಯೋಗ ವಿಮೆಗೆ ಸಾವಿರ ಚಿಲ್ಲರೆ, ಆದಾಯ ತೆರಿಗೆಗೆ ಮೂರ್ನಾಲ್ಕು ಸಾವಿರ ಹೋಗಿ 1,67,000 ಉಳಿಯುತ್ತದೆ. ಬಾಡಿಗೆ, ವಿದ್ಯುತ್, ಗ್ಯಾಸಿಗೆ 40,000, ಊಟಕ್ಕೆ 30,000 ಹಿಡಿದರೆ ಮನೆಗೆ ಕಳಿಸಲು ಸಿಗುವುದು 97,000. ಎರಡನೇ ವರ್ಷದ ಜೂನ್‌ನಿಂದ ಹಿಂದಿನ ವರ್ಷದ ಗಳಿಕೆಯ ಮೇಲಿನ ನಿವಾಸಿ ತೆರಿಗೆ ಬೇರೆ ಮುರಿಯುತ್ತದೆ, ಹಾಗಾಗಿ ಸಂಬಳ ಏರಿದ್ದರೂ ಕೈಗೆ ಬರುವುದು ಇಳಿದಂತೆ ಕಾಣುತ್ತದೆ. ಇದನ್ನು ಮಾಲೀಕನ ಮೋಸವೆಂದು ತಿಳಿದು ಜಗಳಕ್ಕೆ ಹೋಗಬಾರದು. ಓವರ್‌ಟೈಮಿಗೆ ಶೇಕಡ 25 ಹೆಚ್ಚು ಕೊಡದಿದ್ದರೆ ಮಾತ್ರ ಖಂಡಿತ ಕೇಳಬೇಕು. ಈ ಕರಾರನ್ನೆಲ್ಲ ಕೆಲಸಗಾರನಿಗೆ ಪೂರ್ತಿ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕೆಂದು ಜಪಾನಿನ ನಿಯಮವೇ ಹೇಳುತ್ತದೆ. ಹಿಂದಿ ಇಂಗ್ಲಿಷ್ ಸರಿಯಾಗಿ ಬಾರದವರು ‘ಕನ್ನಡದಲ್ಲಿ ಹೇಳಿಸಿ’ ಎಂದು ಕೇಳುವುದು ಉಪಕಾರ ಬೇಡುವುದಲ್ಲ, ಹಕ್ಕು.

ಕೆಲಸ ಬದಲಿಸುವುದನ್ನೇ ಇಷ್ಟು ಎತ್ತಿಹಿಡಿದರೆ ಕರೆಸಿಕೊಂಡ ಮಾಲೀಕನಿಗೆ ಅನ್ಯಾಯವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹಳ್ಳಿಗಾಡಿನ ಸಣ್ಣ ರೈತನೋ ಆರೈಕೆ ಕೇಂದ್ರವೋ ಹಣ ಹಾಕಿ, ಮನೆ ಹೊಂದಿಸಿ ಕರೆಸಿಕೊಂಡ ಹುಡುಗ ಆರು ತಿಂಗಳಲ್ಲಿ ಟೋಕಿಯೊ ಬಸ್ಸು ಹತ್ತಿದರೆ ಆ ನಷ್ಟ ಚಿಕ್ಕದಲ್ಲ. ಕಾರಣವಿಲ್ಲದೆ ಹಾರುವುದನ್ನು ನಾನೂ ಒಪ್ಪುವುದಿಲ್ಲ. ಪದೇ ಪದೇ ಬದಲಿಸಿದವರನ್ನು ಮುಂದಿನ ಮಾಲೀಕನೂ ಅನುಮಾನದಿಂದಲೇ ನೋಡುತ್ತಾನೆ. ಆದರೆ ಬಿಟ್ಟುಹೋಗಬಲ್ಲವನನ್ನು ಮಾಲೀಕ ನಡೆಸಿಕೊಳ್ಳುವ ರೀತಿಯೇ ಬೇರೆ. ಹಕ್ಕನ್ನು ಒಮ್ಮೆಯೂ ಬಳಸದೆ ಐದು ವರ್ಷ ಒಂದೇ ಕಡೆ ನೆಮ್ಮದಿಯಾಗಿ ದುಡಿಯುವವರನ್ನೂ ಕಾಯುವುದು ಆ ಹಕ್ಕೇ. ಇನ್ನು ಕುಟುಂಬವಿಲ್ಲದೆ ಐದು ವರ್ಷ ಎಂಬ ನಿಯಮವನ್ನು ಸಮರ್ಥಿಸಲು ನನ್ನ ಬಳಿ ಮಾತಿಲ್ಲ. ಅದು ಕ್ರೂರ. ಪುಟ್ಟ ಮಕ್ಕಳಿರುವವರು ಸಂಬಳದ ಲೆಕ್ಕಕ್ಕಿಂತ ಮೊದಲು ಇದನ್ನು ಮನೆಯಲ್ಲಿ ಕೂತು ಮಾತಾಡಬೇಕು.

ಹೊರಡುವ ಹಂತದ ಕಾಗದಪತ್ರ ಸರಳವೇ. ಮಾಲೀಕ ಅಲ್ಲಿನ ವಲಸೆ ಕಚೇರಿಯಿಂದ ಅರ್ಹತಾ ಪತ್ರ ಪಡೆದು ಕಳಿಸುತ್ತಾನೆ. ಅದರ ಆಯಸ್ಸು ಮೂರು ತಿಂಗಳು, ಅಷ್ಟರೊಳಗೆ ವೀಸಾ ಹಾಕಿಸಿಕೊಂಡು ಜಪಾನ್ ತಲುಪಬೇಕು. ಇಳಿದ ಮೇಲೆ ಕೊಡುವ ನಿವಾಸ ಕಾರ್ಡು ಯಾವಾಗಲೂ ನಿಮ್ಮ ಜೇಬಿನಲ್ಲಿರಬೇಕೆಂಬುದು ಕಾನೂನು. ಅದನ್ನಾಗಲಿ ಪಾಸ್‌ಪೋರ್ಟನ್ನಾಗಲಿ ‘ಭದ್ರವಾಗಿಡುತ್ತೇವೆ’ ಎಂದವರ ಕೈಗೆ ಕೊಡಬೇಡಿ. ಕಟ್ಟಿದ ಪಿಂಚಣಿ ಹಣದಲ್ಲಿ ಒಂದು ಪಾಲನ್ನು ದೇಶ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಿ ಒಟ್ಟಿಗೆ ಪಡೆಯಬಹುದು. ಅದರಲ್ಲಿ ಶೇಕಡ 20.42 ತೆರಿಗೆಯೆಂದು ಹಿಡಿಯುತ್ತಾರೆ. ಹೊರಡುವ ಮುನ್ನ ಅಲ್ಲಿರುವ ನಂಬಿಕಸ್ಥರೊಬ್ಬರನ್ನು ತೆರಿಗೆ ಪ್ರತಿನಿಧಿಯಾಗಿ ನೇಮಿಸಿದ್ದರೆ ಆ ಮೊತ್ತವನ್ನೂ ಮರಳಿ ಕೇಳಬಹುದು. ಆದರೆ ಹಾಗೆ ಹಣ ತೆಗೆದುಕೊಂಡರೆ ಅಷ್ಟು ವರ್ಷಗಳ ಪಿಂಚಣಿ ಲೆಕ್ಕ ಅಳಿಸಿಹೋಗುತ್ತದೆ. 2016ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಭಾರತ–ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದದಡಿ ಎರಡೂ ದೇಶಗಳಲ್ಲಿ ದುಡಿದ ವರ್ಷಗಳನ್ನು ಕೂಡಿಸಿ ಪಿಂಚಣಿಗೆ ಅರ್ಹತೆ ಎಣಿಸುವ ಅವಕಾಶವಿರುವುದರಿಂದ, ಎರಡನೇ ಹಂತಕ್ಕೋ ಕೈಗೊ ವೀಸಾಕ್ಕೋ ಮರಳಿ ಹೋಗುವ ಯೋಚನೆ ಇರುವವರು ಆ ಅರ್ಜಿಗೆ ಸಹಿ ಹಾಕುವ ಮೊದಲು ಅಲ್ಲಿನ ಪಿಂಚಣಿ ಕಚೇರಿಯಲ್ಲಿ ತಮ್ಮ ವರ್ಷಗಳ ಲೆಕ್ಕ ಬರೆಸಿಕೊಂಡು ನೋಡಬೇಕು.